ಕ್ಷೌರದ ಕುರ್ಚಿಗೆ ಜಾತಿ ಹಚ್ಚಿದವರು ಯಾರು?

ದೊಡ್ಡ ಶಹರಗಳ ಹಣವಂತರಿಗೆ ಈಗ ಹೊಸದೊಂದು ಖಯಾಲಿ ಹತ್ತಿದೆ. ಗಡ್ಡ ಬೋಳಿಸಿಕೊಳ್ಳಲಿಕ್ಕೂ ಅವರಿಗೆ ಇಂಗ್ಲೆಂಡು ಬೇಕು. 1805ರಲ್ಲಿ ಲಂಡನ್ನಿನಲ್ಲಿ ಬಾಗಿಲು ತೆರೆದ ಟ್ರೂಫಿಟ್ ಆಂಡ್ ಹಿಲ್ ಎಂಬ ಕ್ಷೌರದಂಗಡಿ ನಮ್ಮ ದೇಶದ ಶಹರಗಳಿಗೂ ಬಂದಿಳಿದಿದೆ. ಅದರ ಬೆನ್ನಿಗೆ ಅದರ ನಕಲುಗಳೂ ಬಂದಿವೆ. ತೊಗಲಿನ ಕುರ್ಚಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲು, ಬಟ್ಟಲಲ್ಲಿ ನೊರೆ ಎಬ್ಬಿಸುವ ಬ್ರಶ್ಶು, ಗಂಧದ ವಾಸನೆಯ ಸಾಬೂನು. ಒಂದು ಸಲ ಅಲ್ಲಿ ಕೂತು ಎದ್ದರೆ ಜಿನ್ನಿಂಗ್ ಗಿರಣಿಯ ಹಮಾಲನ ಒಂದು ದಿನದ ದುಡಿಮೆ ಮಾಯ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆಯನ್ನು ನಾವು ಇವರಿಗೆ ಹೇಳುವಂತಿಲ್ಲ. ಇವರ ಹೊಟ್ಟೆಯೂ ತುಂಬಿದೆ, ಜುಟ್ಟಿಗೂ ಮಲ್ಲಿಗೆ ಇದೆ.

ರೊಕ್ಕ ಅವರದು, ಗಡ್ಡವೂ ಅವರದೇ. ಅದಕ್ಕಾಗಿ ನಮ್ಮ ತಕರಾರಿಲ್ಲ. ಆದರೆ ಇಂಗ್ಲಿಷರ ವಿದ್ಯೆಯೆಂದು ಅಲ್ಲಿ ಮಾರುತ್ತಿರುವುದೇನು? ಬಿಸಿನೀರು, ಸಾಣೆ ಹಿಡಿದ ಕತ್ತಿ, ಗಾಯಕ್ಕೆ ಪಟಿಕ, ಕೊನೆಗೆ ತಲೆಯ ಮೇಲೆ ನಾಲ್ಕು ಪೆಟ್ಟು ಚಂಪಿ. ಬೇವಿನ ಮರದ ಕೆಳಗೆ ಕೂತು ಇಷ್ಟನ್ನೂ ಮಾಡುತ್ತಿದ್ದವನು ನಮ್ಮೂರ ಹಡಪದವನು. ಶಾಂಪೂ ಎಂಬ ಮಾತೇ ನಮ್ಮ ಕಡೆಯ ಚಂಪಿಯಿಂದ ಹುಟ್ಟಿದ್ದು. 1759ರಲ್ಲಿ ಪಾಟ್ಣಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಎಂಬಾತ ಇಂಗ್ಲೆಂಡಿಗೆ ಹೋಗಿ, ಬ್ರೈಟನ್ ಎಂಬ ಸಮುದ್ರದಂಡೆಯ ಊರಲ್ಲಿ ಸ್ನಾನಗೃಹ ತೆರೆದು, ಅಲ್ಲಿಯ ದೊರೆಗಳ ಮೈ ತಿಕ್ಕಿ ಇಬ್ಬರು ರಾಜರಿಂದ ಬಿರುದು ಪಡೆದ. ನಮ್ಮ ಕೈಗುಣ ಕಡಲು ದಾಟಿ ಹೋಗಿ, ಸೂಟು ತೊಟ್ಟು ಮರಳಿ ಬಂದಿದೆ. ಅಷ್ಟೇ ಕತೆ.

ಇನ್ನೂ ಒಂದು ಸಂಗತಿ ನಮ್ಮ ಓದುಗರಿಗೆ ತಿಳಿದಿರಲಿ. ಇಂಗ್ಲೆಂಡಿನಲ್ಲಿ 1540ರಲ್ಲಿ ಎಂಟನೆಯ ಹೆನ್ರಿ ದೊರೆಯ ಕಾಲಕ್ಕೆ ಕ್ಷೌರಿಕರದೂ ಶಸ್ತ್ರವೈದ್ಯರದೂ ಕೂಡಿ ಒಂದೇ ಸಂಘವಾಯಿತು. ಗಡ್ಡ ಬೋಳಿಸುವ ಕೈಯೇ ಕುರು ಕೊಯ್ಯುತ್ತಿತ್ತು, ಕೆಟ್ಟ ರಕ್ತ ತೆಗೆಯುತ್ತಿತ್ತು. 1745ರಲ್ಲಿ ಇಬ್ಬರೂ ಬೇರೆಯಾದರು. ವೈದ್ಯ ದೊಡ್ಡವನಾದ, ಕ್ಷೌರಿಕ ಅಂಗಡಿಕಾರನಾಗಿ ಉಳಿದ. ಆದರೂ ಅವನು ಅಸ್ಪೃಶ್ಯನಾಗಲಿಲ್ಲ, ಯಾರನ್ನೂ ಅಸ್ಪೃಶ್ಯನನ್ನಾಗಿ ಮಾಡುವ ಕೆಲಸವನ್ನೂ ಅವನ ಕೊರಳಿಗೆ ಯಾರೂ ಕಟ್ಟಲಿಲ್ಲ. ನಮ್ಮಲ್ಲಿ? ಹಜಾಮ ಎಂಬ ಅರಬ್ಬಿ ಮಾತಿಗೆ ಮೂಲದಲ್ಲಿ ರಕ್ತ ತೆಗೆದು ರೋಗ ವಾಸಿ ಮಾಡುವವನೆಂದೇ ಅರ್ಥ. ಅಲ್ಲಿಯಂತೆ ಇಲ್ಲಿಯೂ ಅದೇ ಕೈ, ಅದೇ ವಿದ್ಯೆ. ಆ ಮಾತನ್ನು ನಾವು ಬೈಗುಳವಾಗಿ ಮಾಡಿಟ್ಟೆವು. ವಿಧಾನಸೌಧದ ಪುಢಾರಿಯಿಂದ ಹಿಡಿದು ಬಸ್ ಸ್ಟ್ಯಾಂಡಿನ ಪುಂಡನವರೆಗೆ ಎದುರಾಳಿಯನ್ನು ಹೀನಾಯ ಮಾಡಬೇಕಾದರೆ ಈ ಮಾತೇ ಬಾಯಿಗೆ ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರ ಬಲಗೈಯಂತೆ ಇದ್ದವನು ಹಡಪದ ಅಪ್ಪಣ್ಣ; ಅವನ ಹೆಂಡತಿ ಲಿಂಗಮ್ಮ ಸ್ವತಃ ವಚನ ಬರೆದವಳು. ಅಪ್ಪಣ್ಣನ ಜಯಂತಿಗೆ ಸರ್ಕಾರದಿಂದ ಹೂಮಾಲೆ ಬರುತ್ತದೆ. ಮಾಲೆ ಹಾಕಿ ಕೆಳಗಿಳಿದವರೇ ಮರುದಿನ ಆ ಬೈಗುಳ ಬಳಸುತ್ತಾರೆ.

ಈಗ ಬಂಕಾಪುರಕ್ಕೆ ಬನ್ನಿ. ಪೇಟೆಯ ಕಟಿಂಗ್ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತವನ ಜಾತಿಯನ್ನು ಯಾರೂ ಕೇಳುವುದಿಲ್ಲ. ರೊಕ್ಕ ಕೊಟ್ಟರಾಯಿತು. ಸಾಬರು, ಲಿಂಗವಂತರು, ಹೊಲೆಯ ಮಾದಿಗರು, ಎಲ್ಲರ ಕೊರಳಿಗೂ ಅದೇ ಬಟ್ಟೆ. ಇದು ಪೇಟೆಯ ಗುಣ, ಒಪ್ಪಿಕೊಳ್ಳೋಣ. ಆದರೆ ನಮ್ಮ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳ ದಲಿತರು ತಮ್ಮೂರಲ್ಲಿ ಕತ್ತರಿ ಇದ್ದೂ ಬಸ್ಸು ಹತ್ತಿ ಇಂಥ ಪೇಟೆಗೆ ಯಾಕೆ ಬರುತ್ತಾರೆ? ಅರ್ಧ ದಿನದ ಕೂಲಿ ಕಳೆದುಕೊಂಡು, ಬಸ್ಸಿನ ರೊಕ್ಕ ಕೊಟ್ಟು, ತಲೆಯ ಕೂದಲು ತೆಗೆಸಲಿಕ್ಕೆ ಬರುವ ಈ ಪ್ರಯಾಣ ಯಾವ ಶೋಕಿಗಾಗಿ? ಬಂಕಾಪುರದ ಕೋಟೆಯೊಳಗಿನ ನವಿಲುಗಳಿಗೆ 2006ರಲ್ಲಿ ಸರ್ಕಾರ ಸಂರಕ್ಷಿತ ತಾಣ ಮಾಡಿಕೊಟ್ಟಿತು. ಒಳ್ಳೆಯದೇ ಆಯಿತು, ನವಿಲು ಬದುಕಲಿ. ಮನುಷ್ಯನಿಗೆ ತನ್ನೂರಿನಲ್ಲಿ ಕೂಡಲಿಕ್ಕೆ ಒಂದು ಕುರ್ಚಿಯ ತಾಣ ಎಂದಾದೀತು?

ಇದು ಹಳೆಯ ಮಾತು, ಈಗ ಅದೆಲ್ಲ ಎಲ್ಲಿದೆ ಎನ್ನುವ ಮಹಾಶಯರು ಇದ್ದಾರೆ. ಅವರಿಗೆ ಮೂರು ಊರಿನ ಹೆಸರು ಹೇಳುತ್ತೇವೆ. 2020ರ ನವೆಂಬರಿನಲ್ಲಿ ನಂಜನಗೂಡು ತಾಲೂಕಿನ ಹಲ್ಲರೆಯ ಸುದ್ದಿ ಬಂತು: ದಲಿತರ ಕ್ಷೌರ ಮಾಡಿದ ತಪ್ಪಿಗೆ ಅಲ್ಲಿಯ ಕ್ಷೌರಿಕನಿಗೆ 50,000 ರೂಪಾಯಿ ದಂಡ, ಮನೆಗೆ ಬಹಿಷ್ಕಾರ. ಅವರಿಂದ ಕಟಿಂಗಿಗೆ 80ರ ಬದಲು 300, ದಾಡಿಗೆ 60ರ ಬದಲು 200 ವಸೂಲು ಮಾಡೆಂದು ಊರ ಬಲಿಷ್ಠರು ಹೇಳಿದ್ದರೆಂದು ಆತನೇ ಪತ್ರಿಕೆಯವರ ಮುಂದೆ ಹೇಳಿಕೊಂಡ. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಸಂಗನಾಳದಲ್ಲಿ ಕ್ಷೌರಕ್ಕೆ ಹೋದ ದಲಿತ ತರುಣ ಜಗಳದಲ್ಲಿ ಇರಿತಕ್ಕೆ ಸಿಕ್ಕು ಹೆಣವಾದ. 2025ರಲ್ಲಿ ಅದೇ ಜಿಲ್ಲೆಯ ಮುದ್ದಾಬಳ್ಳಿಯಲ್ಲಿ, ದಲಿತರಿಗೂ ಕ್ಷೌರ ಮಾಡಬೇಕೆಂದು ಪೋಲೀಸರು ಹೇಳಿದಾಗ, ಅಂಗಡಿಗಳೇ ಮುಚ್ಚಿದವು. ಕೊಪ್ಪಳ ನಮಗೆ ಪರದೇಶವೇ?

ಇಲ್ಲಿ ಒಂದು ವಾದ ಏಳುತ್ತದೆ. ಅಂಗಡಿ ಅವನದು, ಕತ್ತರಿ ಅವನದು, ಯಾರ ತಲೆ ಮುಟ್ಟಬೇಕೆಂಬುದು ಅವನ ಮರ್ಜಿ ಎಂದು ಊರ ಧಣಿಗಳು ಹೇಳುತ್ತಾರೆ. ಕೇಳಲಿಕ್ಕೆ ನ್ಯಾಯದ ಮಾತಿನಂತೆಯೇ ಇದೆ. ಹಲ್ಲರೆಯಲ್ಲಿ ಅದೇ ಕ್ಷೌರಿಕ ತನ್ನ ಮರ್ಜಿಯಿಂದ ದಲಿತರ ತಲೆ ಮುಟ್ಟಿದಾಗ ಈ ಮರ್ಜಿಯ ಸಿದ್ಧಾಂತ ಎಲ್ಲಿ ಹೋಗಿತ್ತು? ಇಲ್ಲ ಎನ್ನುವುದಕ್ಕೆ ಮಾತ್ರ ಅವನು ಸ್ವತಂತ್ರ. ಹೌದು ಎಂದರೆ ದಂಡ. ಹಿಂದೆ ರಾಶಿಯ ಕಣದಲ್ಲಿ ಆಯದ ಜೋಳಕ್ಕೆ ಸೆರಗೊಡ್ಡಿ ನಿಂತ ಕಾಲದಿಂದ ಅವನ ಕತ್ತಿಯ ಹಿಡಿ ಧಣಿಯ ಮುಷ್ಟಿಯಲ್ಲಿದೆ. ಈಗ ಆಯ ಬಹುಮಟ್ಟಿಗೆ ಹೋಗಿ ರೊಕ್ಕ ಬಂದಿದೆ. ಆದರೆ ಅಂಗಡಿಯ ಕೋಣೆ ಯಾರದು? ಮಗಳ ಮದುವೆಗೆ ಸಾಲ ಕೊಟ್ಟವರು ಯಾರು? ಕಟಿಂಗಿಗೆ ಬರುವ ಹತ್ತರಲ್ಲಿ ಎಂಟು ತಲೆ ಯಾರ ಮನೆಯವು? ಹಾಗೆಂದು ಬಾಗಿಲು ಮುಚ್ಚಿದ ಕ್ಷೌರಿಕನನ್ನು ನಾವು ಸಮರ್ಥಿಸುವುದಿಲ್ಲ. ಸಂಗನಾಳದ ತಾಯಿಯ ಮುಂದೆ ನಿಂತು ಸಮರ್ಥಿಸುವ ಬಾಯಿ ಯಾರಿಗೂ ಇರಲಾರದು. ತನ್ನನ್ನು ಬೈಗುಳ ಮಾಡಿದವರ ಕಾವಲುಗಾರನಾಗಿ ಅವನು ತನಗಿಂತ ಕೆಳಗಿನವನನ್ನು ಬಾಗಿಲಲ್ಲಿ ತಡೆಯುತ್ತಾನೆ. ಅದರಿಂದ ಅವನ ಮರ್ಯಾದೆ ಒಂದು ಗೇಣೂ ಬೆಳೆದಿಲ್ಲವೆಂದು ಅವನಿಗೇ ಗೊತ್ತು.

ಕಾಯಿದೆಯಲ್ಲಿ ಮರ್ಜಿಗೆ ಜಾಗವಿಲ್ಲ. ಸಂವಿಧಾನ ಸಭೆಯಲ್ಲಿ 1948ರ ನವೆಂಬರ್ 29ರಂದು ಅಂಗಡಿ ಎಂಬ ಮಾತಿನ ಅರ್ಥ ಚರ್ಚೆಗೆ ಬಂದಾಗ ಅಂಬೇಡ್ಕರರು, ಕೇಳಿ ಬಂದವರಿಗೆ ತನ್ನ ಸೇವೆ ಕೊಡುವ ಜಾಗವೆಲ್ಲ ಅಂಗಡಿಯೇ ಎಂಬ ವಿಶಾಲವಾದ ಅರ್ಥವನ್ನೇ ಎತ್ತಿ ಹಿಡಿದರು. ಬಣ್ಣ ನೋಡಿ ಗಿರಾಕಿಗೆ ಸೇವೆ ನಿರಾಕರಿಸುವುದು ತಪ್ಪೆಂದು ಇಂಗ್ಲೆಂಡಿನ ಕಾಯಿದೆ ಸ್ಪಷ್ಟವಾಗಿ ಹೇಳಿದ್ದು 1968ರಲ್ಲಿ. ನಾವು ಅಸ್ಪೃಶ್ಯತೆಯ ವಿರುದ್ಧ ಕಾಯಿದೆ ಮಾಡಿದ್ದು 1955ರಲ್ಲಿ. ಕಾಗದದ ಮೇಲೆ ಲಂಡನ್ನಿಗಿಂತ ನಾವು 13 ವರ್ಷ ಮುಂದೆ! ಆ ಕಾಯಿದೆಯ ಪ್ರಕಾರ ಸೇವೆ ನಿರಾಕರಿಸಿದವನಿಗೆ ಒಂದರಿಂದ ಆರು ತಿಂಗಳ ಸಜೆ, 100ರಿಂದ 500 ರೂಪಾಯಿ ದಂಡ. ಅಸ್ಪೃಶ್ಯತೆ ಆಚರಿಸಲಾರೆ ಎಂದವನನ್ನು ಅವನ ಸಮಾಜದವರೇ ಬಹಿಷ್ಕರಿಸಿದರೆ ಅದೂ ಅಪರಾಧ. ಇದನ್ನು ಕ್ಷೌರಿಕ ಬಂಧುಗಳು ವಿಶೇಷವಾಗಿ ನೆನಪಿಡಲಿ. ದಂಡದ ಮೊತ್ತ ನೋಡಿರಿ. ದಲಿತನ ಮಾನಕ್ಕೆ ಕಾಯಿದೆ ಕಟ್ಟಿದ ಹೆಚ್ಚಿನ ಬೆಲೆ 500 ರೂಪಾಯಿ. ಕ್ಷೌರಿಕನ ಮನುಷ್ಯತ್ವಕ್ಕೆ ಹಲ್ಲರೆಯ ಪಂಚರು ಕಟ್ಟಿದ್ದು 50,000. ಯಾರ ಸರ್ಕಾರ ಬಿಗಿಯಾಗಿ ನಡೆಯುತ್ತಿದೆಯೆಂದು ಲೆಕ್ಕ ಹಾಕಿರಿ.

ಸರ್ಕಾರದ ಉಪಕಾರಗಳ ಪಟ್ಟಿಯೂ ಇರಲಿ. ಕೊರೋನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಎಂದು ಘೋಷಣೆ. ಕತ್ತರಿ ಹಿಡಿದು ಬೆರಳು ಗಂಟುಗಟ್ಟಿದವನು ತಾನು ಕ್ಷೌರಿಕನೆಂದು ಕಂಪ್ಯೂಟರಿಗೆ ಸಾಬೀತುಪಡಿಸಲು ಓಡಾಡಬೇಕಾಯಿತು. 2023ರಲ್ಲಿ ಕೇಂದ್ರದ ವಿಶ್ವಕರ್ಮ ಯೋಜನೆ ಬಂತು: 18 ಕಸುಬುಗಳಲ್ಲಿ ಕ್ಷೌರವೂ ಒಂದು, ಉಪಕರಣಕ್ಕೆ 15,000, ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಸಿಕ್ಕವರು ತೆಗೆದುಕೊಳ್ಳಲಿ. ಆದರೆ ವಂಶದ ಕಸುಬು, ಪರಂಪರೆ ಎಂದು ಹೊಗಳುವ ಬಾಯಿಗಳನ್ನು ಕಂಡರೆ ನಮಗೆ ಗುಮಾನಿ. ಅಪ್ಪನ ಕತ್ತರಿಯನ್ನು ಮಗನೇ ಹಿಡಿಯಬೇಕೆಂಬ ಹೊಗಳಿಕೆಯೂ ಒಂದು ಬೇಡಿಯೇ. ಗೌಡರ ಮಗನೊಬ್ಬ ಆ ಸಾಲ ತೆಗೆದು ಕಟಿಂಗ್ ಅಂಗಡಿ ಇಟ್ಟ ದಿನ ನಾವೇ ಮೊದಲ ಗಿರಾಕಿಗಳಾಗಿ ಹೋಗುತ್ತೇವೆ!

ಮುಖ್ಯಮಂತ್ರಿಯನ್ನೇ ಕೊಟ್ಟ ಕ್ಷೇತ್ರ ನಮ್ಮ ಶಿಗ್ಗಾಂವಿ. 2023ರಲ್ಲಿ ಚುನಾವಣೆ ಆಯಿತು, 2024ರಲ್ಲಿ ಉಪಚುನಾವಣೆಯೂ ಆಯಿತು. ಕ್ಷೌರದ ಕುರ್ಚಿಯ ವಿಷಯವನ್ನು ಯಾವ ದೊಡ್ಡ ಪಕ್ಷದ ವೇದಿಕೆಯಿಂದಲೂ ನಾವು ಕೇಳಲಿಲ್ಲ. ಧಣಿಯ ಮನೆಯ ಓಟು ಮುಖ್ಯ, ಅಲ್ಲವೇ?

ಗಿರಣಿಯ ಬಂಧುಗಳೇ, ಇದು ಪರರ ಸಂಗತಿಯೆಂದು ಪುಟ ತಿರುವಬೇಡಿರಿ. 1890ರಲ್ಲಿ, ನಮ್ಮ ಧಾರವಾಡ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಮುಂಬಯಿಯ ಕ್ಷೌರಿಕರು ಒಂದು ಮುಷ್ಕರ ಹೂಡಿದರು. ಗಂಡ ಸತ್ತ ಬ್ರಾಹ್ಮಣ ಹೆಣ್ಣುಮಕ್ಕಳ ತಲೆಯನ್ನು ಇನ್ನು ಬೋಳಿಸಲಾರೆವು ಎಂದು ಕತ್ತಿ ಕೆಳಗಿಟ್ಟರು. ಅವರ ಬೆನ್ನಿಗೆ ನಿಂತವರು ಯಾರು? ಜೋತೀಬಾ ಫುಲೆಯವರ ಒಡನಾಡಿ, ಮುಂಬಯಿ ಗಿರಣಿ ಕೂಲಿಗಳ ಸಂಘ ಕಟ್ಟಿದ ನಾರಾಯಣ ಮೇಘಾಜಿ ಲೋಖಂಡೆ. ನಮಗೆ ವಾರಕ್ಕೊಂದು ದಿನದ ರಜೆ ಬೇಕೆಂದು ಹೋರಾಡಿದ ಅದೇ ಲೋಖಂಡೆ. ಧರ್ಮದ ಹೆಸರಿನ ಕ್ರೌರ್ಯಕ್ಕೆ ನಮ್ಮ ಕೈ ಸಲ್ಲದೆಂದು ಕತ್ತಿ ಹಿಡಿದವರೇ ಹೇಳಿದಾಗ ಶಾಸ್ತ್ರಿಗಳ ಬಾಯಿ ಕಟ್ಟಿತು. ಆ ಕೈಗೆ ಆಗ ಇದ್ದ ಬಲ ಈಗಲೂ ಇದೆ, ಜೊತೆಗೆ ನಿಲ್ಲುವವರು ಬೇಕು.

2020ರ ಕೊನೆಗೆ ಹಳ್ಳಿಗಳಲ್ಲಿ ಸರ್ಕಾರಿ ಕ್ಷೌರದಂಗಡಿ ತೆರೆಯುವ ಪ್ರಸ್ತಾಪವನ್ನು ಪತ್ರಿಕೆಗಳಲ್ಲಿ ಓದಿದೆವು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಅಂಥ ಒಂದನ್ನೂ ಕಂಡಿಲ್ಲ. ನಾವು ಕೇಳುವುದು ಇಷ್ಟು: ಗ್ರಾಮ ಪಂಚಾಯಿತಿ ತನ್ನ ಮಳಿಗೆಗಳಲ್ಲಿ ಒಂದನ್ನು ಕಡಿಮೆ ಬಾಡಿಗೆಗೆ ಕ್ಷೌರಿಕನಿಗೆ ಕೊಡಲಿ; ಬಾಡಿಗೆ ಕರಾರಿನಲ್ಲಿಯೇ ಎಲ್ಲರಿಗೂ ಒಂದೇ ಕುರ್ಚಿ, ಒಂದೇ ದರ ಎಂದು ಬರೆದು ಗೋಡೆಗೆ ಹಚ್ಚಲಿ. ಧಣಿಯ ಕೋಣೆಯಿಂದ ಅವನು ಹೊರಬಂದರೆ ಧಣಿಯ ಹೆದರಿಕೆಯ ಅರ್ಧ ಪಾಲು ಅಲ್ಲಿಯೇ ಉಳಿಯುತ್ತದೆ. ಮಿಕ್ಕ ಅರ್ಧಕ್ಕೆ ಗಿರಾಕಿಗಳು ನಾವಿದ್ದೇವೆ. ಬಹಿಷ್ಕಾರ ಬಿದ್ದ ಅಂಗಡಿಗೆ ಗಿರಣಿಯ ಪಾಳಿ ಮುಗಿಸಿದವರು ಸಾಲಾಗಿ ಹೋಗಿ ಕೂಡಬೇಕು. ಪೇಟೆಯ ಸಣ್ಣ ವ್ಯಾಪಾರಿಗಳು ಅವನಿಗೆ ಬ್ಲೇಡು, ಸಾಬೂನು ಉದ್ರಿ ಕೊಡಬೇಕು.

ಕ್ಷೌರಿಕ ಬಂಧುಗಳಿಗೆ ಮಂಗಳವಾರ ಅಂಗಡಿ ರಜೆ. ಶಿಗ್ಗಾಂವಿ, ಸವಣೂರು, ಹಾನಗಲ್ಲ ಕಡೆಯ ಯಾವ ಊರಿನವರು ಕರೆದರೂ ಆ ದಿನ ನಾವು ಬರುತ್ತೇವೆ. ಗ್ರಾಮಸಭೆಗೆ ಕೊಡುವ ಅರ್ಜಿಯನ್ನು ಅಲ್ಲಿಯೇ ಕೂತು ಬರೆಯೋಣ. ಸಹಿಗೆ ಕೇರಿಯವರೂ ಹಡಪದವರೂ ಒಟ್ಟಿಗೆ ಬರಲಿ.