ಅಮ್ಮ ‘ನೀವು’ ಅಂದಾಗ

ಇಟ್ಟಮಡುವಿನ ಮನೇಲಿ ‘ಹ್ಯಾಮ್ಲೆಟ್’ ಓದ್ತಿದ್ದ ತಂಗಿ ಕೇಳಿದ್ಲು: “ಅಣ್ಣಾ, ‘ದೌ’, ‘ಯೂ’ ಎರಡೂ ಒಂದೇ ಅಲ್ವಾ?”

ಅಲ್ಲ. ಷೇಕ್ಸ್‌ಪಿಯರ್ ಕಾಲದಲ್ಲಿ, ಅಂದ್ರೆ 1600ರ ಆಸುಪಾಸಿನಲ್ಲಿ, ‘ದೌ’ ಹೆಚ್ಚಾಗಿ ಸಲಿಗೆಯ ನೀನು. ‘ಯೂ’ ಗೌರವದ, ದೂರ ಇಡುವ ನೀವು. ಮೂರನೇ ಅಂಕದಲ್ಲಿ ತಾಯಿ ಗರ್ಟ್ರೂಡ್ ಮಗನನ್ನು ‘ದೌ’ ಅಂತಲೇ ಗದರುತ್ತಾಳೆ. ಅವನು ಅವಳ ಮಾತನ್ನು ಅವಳಿಗೇ ತಿರುಗಿಸಿದ ಕೂಡಲೇ ‘ಯೂ’ ಅಂತಾಳೆ. ಆ ಒಂದು ಪದದಲ್ಲಿ ಅವಳ ಸಿಟ್ಟಿದೆ.

ನಮಗಿದು ನಿಘಂಟಿಲ್ಲದೇ ತಿಳಿಯುತ್ತೆ. ಹೋದ ವಾರ ಊರಿನ ಮನೆ ಮಾರೋ ವಿಷಯಕ್ಕೆ ಎದುರು ಮಾತಾಡಿದ್ದೆ. ಅಮ್ಮ, “ನೀವು ದೊಡ್ಡೋರು, ನಿಮ್ಮಿಷ್ಟ” ಅಂದಿದ್ಲು. ಆಮೇಲೆ ಮಾತೇ ಇಲ್ಲ.

ಎದ್ದು ಅಡುಗೆಮನೆಗೆ ಹೋದೆ.

“ತಪ್ಪಾಯ್ತಮ್ಮ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ಲು: “ಕಾಫಿ ಕುಡೀತೀಯೇನೋ?”