ಗೆದ್ದವರ ಫೋಟೊ ಸರಿ, ಉಳಿದವರ ಲೆಕ್ಕ ಎಲ್ಲಿ?

ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯ ಎಂದರೆ ಬ್ಯಾಸ್ಕೆಟ್‌ಬಾಲ್ ತಾರೆಯರ ಕಾರ್ಖಾನೆ ಎಂದು ಹೊಗಳುತ್ತಾರೆ. ಈ ಹೊಗಳಿಕೆಯನ್ನು ನಾವು ಒಪ್ಪುವುದಿಲ್ಲ.

2010ರಲ್ಲಿ ಅಲ್ಲಿನ ಐವರು ಆಟಗಾರರನ್ನು ಅಮೆರಿಕದ ದೊಡ್ಡ ಲೀಗ್ ಎನ್‌ಬಿಎ ತಂಡಗಳು ಮೊದಲ ಸುತ್ತಿನಲ್ಲೇ ಆರಿಸಿಕೊಂಡವು. ಮೊದಲನೆಯವರಾಗಿ ಹೋದ ಜಾನ್ ವಾಲ್ ಐದು ಸಲ ಆಲ್‌ಸ್ಟಾರ್ ಆದರು. 29ನೆಯವರಾಗಿ ಹೋದ ಡೇನಿಯಲ್ ಆರ್ಟನ್ ಅವರಿಗೆ ಅಲ್ಲಿ ಸಿಕ್ಕಿದ್ದು ಬರೀ 51 ಪಂದ್ಯ. ಆಮೇಲೆ ಫಿಲಿಪೀನ್ಸ್‌ವರೆಗೂ ಹೋಗಿ ಆಡಬೇಕಾಯಿತು.

ಐವರಲ್ಲಿ ನಾಲ್ವರು ಕಾಲೇಜಿಗೆ ಆಡಿದ್ದು ಒಂದೇ ವರ್ಷ. ಪದವಿ ಮುಗಿಸಿ ಹೊರಟವರು ಪ್ಯಾಟ್ರಿಕ್ ಪ್ಯಾಟರ್ಸನ್ ಒಬ್ಬರೇ. ಹೈಸ್ಕೂಲ್ ಮುಗಿದು ಒಂದು ವರ್ಷ ಆಗುವವರೆಗೆ ಅಮೆರಿಕದ ಹುಡುಗರಿಗೆ ಎನ್‌ಬಿಎ ಬಾಗಿಲು 2006ರಿಂದ ಮುಚ್ಚಿದೆ. ಆ ಒಂದು ವರ್ಷ ಕಳೆಯಲು ಬಂದವರನ್ನು ತಾನೇ ತಯಾರಿಸಿದೆ ಎಂದು ಕಾಲೇಜು ಬೀಗುವುದು ಯಾವ ನ್ಯಾಯ? ಆಗ ಕೋಚ್ ಜಾನ್ ಕ್ಯಾಲಿಪಾರಿ ಅವರ ಸಂಬಳ ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್. ಹುಡುಗರಿಗೋ, ತಮ್ಮ ಹೆಸರಿನಲ್ಲಿ ಜಾಹೀರಾತು ಮಾಡಿ ನಾಲ್ಕು ಕಾಸು ದುಡಿಯಲೂ 2021ರವರೆಗೆ ಬಿಡಲಿಲ್ಲ.

"ಆರ್ಟನ್‌ಗೂ ದುಡ್ಡು ಸಿಕ್ಕಿತಲ್ಲ" ಎನ್ನಬಹುದು. ಸಿಕ್ಕಿತು, ನಿಜ. ಆದರೆ ಅದೇ ಆಸೆಯಲ್ಲಿ ಓಡುವವರು ಸಾವಿರಾರು. ಮೇಲ್ದರ್ಜೆಯ ಕಾಲೇಜು ತಂಡಗಳೇ 350ಕ್ಕೂ ಹೆಚ್ಚು. ಎನ್‌ಬಿಎ ವರ್ಷಕ್ಕೆ ಆರಿಸುವುದು ಹೆಚ್ಚೆಂದರೆ 60 ಜನರನ್ನು.

ಜಾತ್ರೆಯಲ್ಲಿ ಬಹುಮಾನ ಗೆದ್ದ ಒಂದು ಜೋಡಿ ತೋರಿಸಿ, ಹಟ್ಟಿಯ ಎತ್ತೆಲ್ಲ ಹಾಗೇ ಎಂದರೆ ಯಾವ ರೈತ ನಂಬುತ್ತಾನೆ? ತಾರೆಯರ ಫೋಟೊ ಹಾಕಲಿ, ಬೇಡ ಎನ್ನುವುದಿಲ್ಲ. ಪಕ್ಕದಲ್ಲೇ ಎಷ್ಟು ಜನ ಬಂದರು, ಎಷ್ಟು ಜನ ಪದವಿ ಪಡೆದರು, ಯಾರು ಎಷ್ಟು ವರ್ಷ ಆಡಿದರು ಎಂಬ ಲೆಕ್ಕವನ್ನೂ ಬರೆಯಲಿ. ಮಗನನ್ನು ಕಳಿಸುವ ಅಪ್ಪ ಅಮ್ಮನಿಗೆ ಬೇಕಾಗಿರುವುದು ಅದು.