ಸರ್ವರಿನ ಸೆಟಪ್ ಮೆನುವೂ ನಮ್ಮ ಶಿಕ್ಷಣವೂ

ಯಂತ್ರವನ್ನು ಕೊಳ್ಳುವದು ಬೇರೆ, ಯಂತ್ರವನ್ನು ಆಳುವದು ಬೇರೆ. ಮೊದಲನೆಯದಕ್ಕೆ ಹಣವಿದ್ದರೆ ಸಾಕು. ಎರಡನೆಯದಕ್ಕೆ ತಿಳುವಳಿಕೆ ಬೇಕು. ಇಂದು ಕಾರವಾರ, ಅಂಕೋಲೆಗಳಂಥ ನಮ್ಮ ಊರುಗಳಲ್ಲಿಯೂ ಕಚೇರಿ, ಬ್ಯಾಂಕು, ಆಸ್ಪತ್ರೆ, ಕಾಲೇಜುಗಳ ಕೆಲಸವೆಲ್ಲ ಗಣಕಯಂತ್ರಗಳ ಮೇಲೆ ನಿಂತಿದೆ. ಈ ಯಂತ್ರಗಳಿಗೆಲ್ಲ ಹಿರಿಯಣ್ಣನಂತೆ ಹಲವರ ಕೆಲಸವನ್ನು ಒಂದೆಡೆ ಹೊತ್ತು ಹಗಲಿರುಳು ದುಡಿಯುವ ಯಂತ್ರಕ್ಕೆ ಸರ್ವರ್ ಎನ್ನುವರು. ಅದು ಬಂದ ದಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಕೋಣೆಯಲ್ಲಿಟ್ಟು ಬೀಗ ಹಾಕುವದರಲ್ಲಿ ನಾವು ಯಾರಿಗೂ ಹಿಂದೆ ಬಿದ್ದಿಲ್ಲ. ಆದರೆ ಅದರ ಪ್ರೊಸೆಸರ್ ಯಾವ ರೀತಿಯಲ್ಲಿ ಕೆಲಸ ಮಾಡಬೇಕೆಂಬುದನ್ನು ಗೊತ್ತುಮಾಡಿದವರು ಯಾರು ಎಂದು ಕೇಳಿದರೆ, “ಕಾರ್ಖಾನೆಯಿಂದ ಬಂದ ಹಾಗೆಯೇ ಇದೆ” ಎಂಬ ಒಂದೇ ಉತ್ತರ ಬರುವದು. ಒಂದು ವಿದ್ಯಾಸಂಸ್ಥೆಗೆ ಈ ಉತ್ತರ ಸಾಲದೆಂಬುದೇ ಈ ಲೇಖನದ ವಾದ.

ವಿಷಯವನ್ನು ತುಸು ಬಿಡಿಸಿ ಹೇಳಬೇಕು. ವಿದ್ಯುತ್ತಿನ ಗುಂಡಿಯನ್ನು ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡಿನ ಮೇಲಿನ ಸಣ್ಣದೊಂದು ಚಿಪ್ಪಿನಲ್ಲಿ ಬರೆದಿಟ್ಟ ಫರ್ಮ್‌ವೇರ್ ಎಂಬ ಕಾರ್ಯಕ್ರಮವೇ ಮೊದಲು ಏಳುವದು. ೧೯೮೧ರಲ್ಲಿ ಐಬಿಎಂ ಕಂಪನಿಯ ಪಿಸಿಯೊಡನೆ ಬಂದ ಇಂಥ ಕಾರ್ಯಕ್ರಮಕ್ಕೆ ಬಯಾಸ್ ಎಂದು ಹೆಸರು. ಅದರ ಜಾಗಕ್ಕೆ ಬಂದ ಹೊಸ ಪದ್ಧತಿಗೆ ಯುಇಎಫ್‌ಐ ಎನ್ನುವರು. ೨೦೦೫ರಿಂದ ಹಲವು ಕಂಪನಿಗಳ ಕೂಟವೊಂದು ಅದನ್ನು ನೋಡಿಕೊಳ್ಳುತ್ತಿದೆ. ಯಂತ್ರವು ಏಳುವ ಆ ಕೆಲವು ಕ್ಷಣಗಳಲ್ಲಿ ಎಫ್-೨ ಎಂದೋ ಡಿಲೀಟ್ ಎಂದೋ ಕಂಪನಿಗೊಂದರಂತೆ ಗೊತ್ತಾದ ಕೀಲಿಯನ್ನು ಒತ್ತಿದರೆ ಸೆಟಪ್ ಮೆನು ತೆರೆದುಕೊಳ್ಳುವದು. ಅದರಲ್ಲಿ ಪ್ರೊಸೆಸರ್ ಸೆಟ್ಟಿಂಗ್ಸ್ ಎಂಬ ಪುಟವಿದೆ. ನೋಡಲಿಕ್ಕೆ ಅದೊಂದು ಬಡ ಪುಟ, ಬಣ್ಣವಿಲ್ಲ, ಚಿತ್ರವಿಲ್ಲ. ಆದರೆ ಅಲ್ಲಿಯ ಒಂದೊಂದು ಸಾಲೂ ಯಂತ್ರದ ಸ್ವಭಾವವನ್ನು ತಿದ್ದಬಲ್ಲದು.

ಒಂದು ಸಾಲು ವರ್ಚುವಲೈಸೇಷನ್‌ಗೆ ಸಂಬಂಧಿಸಿದ್ದು. ಒಂದೇ ಯಂತ್ರವನ್ನು ಹಲವು ಯಂತ್ರಗಳಾಗಿ ತೋರಿಸುವ ಈ ಶಕ್ತಿಯನ್ನು ಇಂಟೆಲ್ ಕಂಪನಿಯು ೨೦೦೫ರಲ್ಲಿ, ಎಎಂಡಿ ಕಂಪನಿಯು ೨೦೦೬ರಲ್ಲಿ ತಮ್ಮ ಪ್ರೊಸೆಸರುಗಳಲ್ಲಿ ಕೂಡಿಸಿದವು. ಇದನ್ನು ಬಳಸಿದರೆ ತಕ್ಕಷ್ಟು ಸ್ಮರಣಶಕ್ತಿಯುಳ್ಳ ಒಂದೇ ಸರ್ವರಿನಿಂದ ತರಗತಿಯ ಪ್ರತಿಯೊಬ್ಬನಿಗೂ ಪ್ರತಿಯೊಬ್ಬಳಿಗೂ ಒಂದೊಂದು ಸ್ವತಂತ್ರ ಯಂತ್ರವನ್ನು ಕೊಡಬಹುದು. ಒಬ್ಬರು ತಮ್ಮದನ್ನು ಕೆಡಿಸಿಕೊಂಡರೆ ಉಳಿದವರಿಗೆ ಬಾಧೆಯಿಲ್ಲ. ಆದರೆ ಎಷ್ಟೋ ಯಂತ್ರಗಳು ಈ ಸಾಲಿನ ಮುಂದೆ “ಡಿಸೇಬಲ್ಡ್” ಎಂದೇ ಬರೆದುಕೊಂಡು ಕಾರ್ಖಾನೆಯಿಂದ ಬಂದಿವೆ. ಮೆನುವನ್ನು ತೆರೆಯದವನು ಯಂತ್ರಕ್ಕೆ ಆ ಶಕ್ತಿಯೇ ಇಲ್ಲವೆಂದು ತಿಳಿದು ಇನ್ನಷ್ಟು ಯಂತ್ರಗಳಿಗಾಗಿ ಅರ್ಜಿ ಬರೆಯುವನು. ಬಡ ಸರಕಾರಿ ಕಾಲೇಜಿಗೆ ಇದು ಸಣ್ಣ ಮಾತಲ್ಲ.

ಇನ್ನೊಂದು ಸಾಲು ಹೈಪರ್ ಥ್ರೆಡಿಂಗ್‌ನದು. ಇದು ೨೦೦೨ರಲ್ಲಿ ಇಂಟೆಲ್ ಪ್ರೊಸೆಸರುಗಳಲ್ಲಿ ಬಂದಿತು. ಒಂದೇ ಒಲೆಯ ಮೇಲೆ ಎರಡು ಮನೆಯವರು ಅಡಿಗೆ ಮಾಡಿಕೊಂಡಂತೆ ಇದರ ರೀತಿ. ಒಬ್ಬರು ತೆಂಗಿನಕಾಯಿ ತುರಿಯುತ್ತಿರುವಾಗ ಒಲೆ ಬರಿದೆ ಉರಿಯುವ ಬದಲು ಇನ್ನೊಬ್ಬರ ಅನ್ನ ಬೇಯುವದು. ಅದರಿಂದ ಒಟ್ಟು ಕೆಲಸ ಹೆಚ್ಚು ಸಾಗುವದು. ಆದರೆ ಒಲೆ ಎರಡಾಗುವದಿಲ್ಲ. ಮೇಲಾಗಿ, ಅಡಿಗೆಮನೆ ಒಂದೇ ಆದ ಮೇಲೆ ಇವರು ಯಾವ ಮೀನಿನ ಸಾರು ಮಾಡಿದರೆಂಬುದು ಅವರ ಮೂಗಿಗೆ ತಿಳಿಯದೆ ಇರಲಾರದು. ಪ್ರೊಸೆಸರಿನಲ್ಲಿಯೂ ಹೀಗೆಯೇ ಆಯಿತು. ೨೦೧೮ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳು ಬಯಲಾದುವು. ಅವುಗಳ ಬೆನ್ನಿಗೆ, ಒಂದೇ ಕೋರಿನಲ್ಲಿ ಜೊತೆಗಿರುವ ಎರಡು ಕೆಲಸಗಳಲ್ಲಿ ಒಂದು ಇನ್ನೊಂದರ ಗುಟ್ಟನ್ನು ಊಹಿಸಬಹುದೆಂಬುದೂ ಸಿದ್ಧವಾಯಿತು. ಅದೇ ವರ್ಷದ ಜೂನಿನಲ್ಲಿ ಓಪನ್‌ಬಿಎಸ್‌ಡಿಯವರು, ೨೦೧೯ರ ಮೇ ತಿಂಗಳಲ್ಲಿ ಕ್ರೋಮ್ ಓಎಸ್‌ಗಾಗಿ ಗೂಗಲ್‌ನವರು ಹೈಪರ್ ಥ್ರೆಡಿಂಗನ್ನು ತಾವಾಗಿಯೇ ಮುಚ್ಚಿಟ್ಟರು. ಹಾಗಾದರೆ ನಾವು ಏನು ಮಾಡಬೇಕು? ಒಬ್ಬರೇ ಬಳಸುವ ಯಂತ್ರದ ಉತ್ತರ ಬೇರೆ, ಪರಕೀಯರಿಗೂ ತೆರೆದಿಟ್ಟ ಯಂತ್ರದ ಉತ್ತರ ಬೇರೆ. ಯೋಚಿಸಿ ತೀರ್ಮಾನಿಸುವದು ಒಡೆಯನ ಕರ್ತವ್ಯ. ಕಾರ್ಖಾನೆಯವನಿಗೆ ನಮ್ಮ ಮನೆಯಲ್ಲಿ ಯಾರಿದ್ದಾರೆಂಬುದು ಗೊತ್ತಿಲ್ಲ.

ವೇಗದ ಮಾತಿಗೆ ಬರೋಣ. ನಮ್ಮ ಕಡಲತೀರದಲ್ಲಿ ರಂಪಣಿ ಬಲೆಯನ್ನು ಎಳೆಯುವದನ್ನು ನೋಡದವರಿಲ್ಲ. ಅಲ್ಲಿ ಒಬ್ಬನ ಚುರುಕಿಗೆ ಬೆಲೆಯಿಲ್ಲ. ಹತ್ತಾರು ಕೈಗಳು ಕೂಡಿ ಹಗ್ಗ ಹಿಡಿಯಬೇಕು. ಬೀಸುಬಲೆಯ ಕೆಲಸ ಹಾಗಲ್ಲ. ಅಲ್ಲಿ ಎಷ್ಟು ಜನ ನಿಂತರೂ ಬೀಸುವವನು ಒಬ್ಬನೇ. ಗಣಕಯಂತ್ರದ ಕೆಲಸಗಳಲ್ಲಿಯೂ ಈ ಎರಡು ಜಾತಿಗಳಿವೆ. ಹಲವು ಕೋರುಗಳಿಗೆ ಹಂಚಬಹುದಾದುದು ಒಂದು, ಒಂದೇ ಕೋರು ಮಾಡಬೇಕಾದುದು ಇನ್ನೊಂದು. ಟರ್ಬೊ ಎಂಬ ಸಾಲನ್ನು ತೆರೆದಿಟ್ಟರೆ ಉಳಿದ ಕೋರುಗಳು ಸುಮ್ಮನಿರುವಾಗ ದುಡಿಯುವ ಕೋರು ಉಷ್ಣತೆಯ ಮಿತಿಯೊಳಗೆ ತನ್ನ ವೇಗವನ್ನು ಏರಿಸಿಕೊಳ್ಳುವದು. ಬೀಸುಬಲೆಯ ಕೆಲಸಕ್ಕೆ ಇದು ಬಲು ಅನುಕೂಲ. ಆದರೆ ಮಿತಿ ಮುಟ್ಟಿದೊಡನೆ ಪ್ರೊಸೆಸರು ತನ್ನ ರಕ್ಷಣೆಗಾಗಿ ತಾನೇ ನಿಧಾನವಾಗುವದು. ಏಪ್ರಿಲ್-ಮೇ ತಿಂಗಳ ನಮ್ಮ ಸೆಕೆಯಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಕಾಗದದ ಮೇಲಿನ ವೇಗವನ್ನು ನಂಬಿ ಕುಳಿತರೆ ಕೈಗೆ ಸಿಗುವದು ಬೇರೆಯೇ.

ಇದಕ್ಕೆ ಹೊಂದಿದಂತೆ ಸಿ-ಸ್ಟೇಟ್ ಎಂಬ ಸಾಲುಗಳಿವೆ. ಕೆಲಸವಿಲ್ಲದಾಗ ಕೋರು ಎಷ್ಟು ಆಳವಾಗಿ ನಿದ್ರಿಸಬಹುದೆಂಬುದನ್ನು ಅವು ಹೇಳುವವು. ನಿದ್ರೆ ಆಳವಾದಷ್ಟೂ ವಿದ್ಯುತ್ತು ಉಳಿಯುವದು, ಏಳಲಿಕ್ಕೆ ತುಸು ಹೆಚ್ಚು ಕಾಲ ಹಿಡಿಯುವದು. ಆ ಕಾಲ ಸೆಕೆಂಡಿನ ಲಕ್ಷದಲ್ಲಿ ಕೆಲವು ಭಾಗದಷ್ಟು ಮಾತ್ರ. ಮುಂಬಯಿಯ ಶೇರುಪೇಟೆಯ ವ್ಯಾಪಾರಕ್ಕೆ ಅದೂ ತಡವೆನಿಸಬಹುದು. ಆದುದರಿಂದ ಅಂಥವರು ನಿದ್ರೆಯನ್ನೇ ನಿಷೇಧಿಸುವರು. ನಮ್ಮ ಗ್ರಂಥಾಲಯದ ಪುಸ್ತಕಪಟ್ಟಿಯ ಸರ್ವರು ರಾತ್ರಿಯೆಲ್ಲ ಎಚ್ಚರವಿದ್ದು ಯಾರ ಹಾದಿ ಕಾಯಬೇಕು? ದೊಡ್ಡವರ ಕೈಪಿಡಿಯನ್ನು ನೋಡಿ “ಗರಿಷ್ಠ ಸಾಮರ್ಥ್ಯ” ಎಂದು ಇಟ್ಟುಕೊಳ್ಳುವದೂ, ಏನನ್ನೂ ನೋಡದೆ ಬಿಡುವದೂ ಒಂದೇ ಬಗೆಯ ಅಜ್ಞಾನ.

ಎರಡು ಪ್ರೊಸೆಸರುಗಳುಳ್ಳ ಸರ್ವರಿನಲ್ಲಿ ಮತ್ತೊಂದು ಸಂಗತಿಯಿದೆ. ಪ್ರತಿಯೊಂದಕ್ಕೂ ತನ್ನ ಮಗ್ಗುಲಲ್ಲಿಯೇ ಒಂದು ಸ್ಮರಣಕೋಶವಿರುವದು. ಕಾರವಾರದವನು ಕಾರವಾರದ ಕಣಜದಿಂದ ಭತ್ತ ತರುವದಕ್ಕೂ ಅಂಕೋಲೆಯ ಕಣಜಕ್ಕೆ ಹೋಗಿ ತರುವದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ನ್ಯೂಮಾ ಎಂಬುದು ಈ ದೂರ-ಹತ್ತಿರಗಳ ವ್ಯವಸ್ಥೆ. ಯಾವುದು ಹತ್ತಿರ ಯಾವುದು ದೂರವೆಂಬುದನ್ನು ಕಾರ್ಯಾಚರಣ ವ್ಯವಸ್ಥೆಗೆ ತಿಳಿಸಬೇಕೋ, ಎರಡನ್ನೂ ಬೆರೆಸಿ ಎಲ್ಲರಿಗೂ ಸರಾಸರಿ ದೂರವನ್ನೇ ಕೊಡಬೇಕೋ ಎಂಬ ಪ್ರಶ್ನೆಯೂ ಈ ಮೆನುವಿನಲ್ಲಿಯೇ ತೀರ್ಮಾನವಾಗುವದು.

ಇಷ್ಟನ್ನು ಕೇಳಿದ ಮೇಲೆ ಕೆಲವರು ಆಕ್ಷೇಪಿಸಬಹುದು. ಇದು ಕಲಾ ಮಹಾವಿದ್ಯಾಲಯ. ಇತಿಹಾಸ, ರಾಜ್ಯಶಾಸ್ತ್ರ, ಸಾಹಿತ್ಯಗಳನ್ನು ಓದುವವರಿಗೆ ಈ ಉಸಾಬರಿ ಏಕೆ ಎಂದು. ನಿಯಮವನ್ನು ಮಾಡಿದವರಾರು, ಯಾರ ಅನುಕೂಲಕ್ಕಾಗಿ ಮಾಡಿದರು, ಅದನ್ನು ಬದಲಿಸುವ ಅಧಿಕಾರ ಯಾರಿಗಿದೆ ಎಂದು ಕೇಳುವದನ್ನೇ ಅಲ್ಲವೆ ರಾಜ್ಯಶಾಸ್ತ್ರವು ನಮಗೆ ಕಲಿಸುವದು? ಆ ಪ್ರಶ್ನೆಯನ್ನು ಸಂವಿಧಾನಕ್ಕೆ ಹಾಕಬಲ್ಲವನು ಯಂತ್ರದ ಮುಂದೆ ಮೂಕನಾಗಬೇಕಾಗಿಲ್ಲ.

ಈಗ ಎಲ್ಲವೂ ದೂರದ ಡೇಟಾ ಸೆಂಟರುಗಳಲ್ಲಿರುವಾಗ ಇಲ್ಲಿಯ ಮೆನುವನ್ನು ಕಟ್ಟಿಕೊಂಡು ಮಾಡುವದೇನು ಎನ್ನುವವರೂ ಉಂಟು. ಅಲ್ಲಿಯೂ ಈ ಸಾಲುಗಳನ್ನು ಯಾರೋ ಒಬ್ಬ ಮನುಷ್ಯನೇ ಗೊತ್ತುಮಾಡಿರುವನು. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗುವ ನಮ್ಮ ತಾಲೂಕುಗಳ ಹುಡುಗ ಹುಡುಗಿಯರು ಆ ಮನುಷ್ಯನ ಜಾಗದಲ್ಲಿ ಕೂಡಬೇಕೋ, ಅವನು ಗೊತ್ತುಮಾಡಿದ್ದರ ಮೇಲೆ ಬೆರಳಾಡಿಸುತ್ತ ಜೀವ ಸವೆಸಬೇಕೋ ಎಂಬುದು ಇಲ್ಲಿಯ ಪ್ರಯೋಗಾಲಯದಲ್ಲಿಯೇ ಅರ್ಧ ನಿಶ್ಚಯವಾಗುವದು.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದುದು: ಹುಡುಗರ ಕೈಗೆ ಕೊಟ್ಟರೆ ಯಂತ್ರ ಕೆಟ್ಟೀತು. ಈ ಅಂಜಿಕೆ ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಬೀಗವಲ್ಲ, ಶಿಸ್ತು. ನಮ್ಮ ತಾಲೂಕಿನ ಕೈಗಾದಲ್ಲಿ ಪರಮಾಣು ವಿದ್ಯುತ್ ಸ್ಥಾವರವಿದೆ. ಅದರ ಮೊದಲನೆಯ ಘಟಕವು ೨೦೧೬ರ ಮೇ ೧೩ರಿಂದ ೨೦೧೮ರ ಡಿಸೆಂಬರ ೩೧ರ ವರೆಗೆ ೯೬೨ ದಿನ ಎಡೆಬಿಡದೆ ನಡೆಯಿತು. ಆ ಕಾಲಕ್ಕೆ ಅದು ಜಗತ್ತಿನ ದಾಖಲೆ. ಮುಂದೆ ಕೆನಡಾದ ಘಟಕವೊಂದು ಅದನ್ನು ಮೀರಿಸಿತು. ಅಂಥ ಯಂತ್ರವನ್ನು ಯಾರೂ ಮುಟ್ಟದೆ ಬಿಟ್ಟದ್ದರಿಂದ ಈ ಕೀರ್ತಿ ಬಂದಿತೆಂದು ಯಾರೂ ಹೇಳಲಾರರು. ಯಾರು ಮುಟ್ಟಬೇಕು, ಯಾವಾಗ ಮುಟ್ಟಬೇಕು, ಮುಟ್ಟಿದ್ದನ್ನು ಎಲ್ಲಿ ಬರೆದಿಡಬೇಕು ಎಂಬ ಕಟ್ಟುನಿಟ್ಟಿನಿಂದಲೇ ಅಂಥ ಕೆಲಸ ನಡೆಯುವದು. ಸರ್ವರಿನ ಮೆನುವಿನಲ್ಲಂತೂ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುವ “ಲೋಡ್ ಡಿಫಾಲ್ಟ್ಸ್” ಎಂಬ ದಾರಿಯೂ ಇದೆ. ನಿಜವಾಗಿ ಅಂಜಬೇಕಾದುದು ಫರ್ಮ್‌ವೇರನ್ನೇ ಹೊಸದಾಗಿ ಬರೆಯುವಾಗ. ಆಷಾಢದ ಗಾಳಿಮಳೆಯಲ್ಲಿ ನಡುವೆ ಕರೆಂಟು ಹೋದರೆ ಯಂತ್ರವು ಮತ್ತೆ ಏಳದೆ ಹೋಗಬಹುದು. ಅದನ್ನು ಯುಪಿಎಸ್ ಗಟ್ಟಿಯಾಗಿರುವ ದಿನ, ತಿಳಿದವರ ಕೈಯಿಂದಲೇ ಮಾಡಿಸಬೇಕು. ದೋಷಗಳ ತಿದ್ದುಪಡಿಗಳು ಆ ದಾರಿಯಿಂದಲೂ ಬರುವದರಿಂದ ಅದನ್ನು ಮಾಡದೆ ಬಿಡುವದೂ ಸಲ್ಲದು.

ಆದುದರಿಂದ ಕೆಲವು ಸೂಚನೆಗಳನ್ನು ವಿನಯದಿಂದ ಮುಂದಿಡಬಹುದು. ಮೊದಲನೆಯದಾಗಿ, ಪ್ರತಿ ಸರ್ವರಿನ ಹತ್ತಿರ ಒಂದು ವಹಿ ಇರಲಿ. ಪ್ರೊಸೆಸರಿನ ಪ್ರತಿಯೊಂದು ಸಾಲು ಹೇಗಿದೆ, ಯಾವ ದಿನ ಯಾರು ಏಕೆ ಬದಲಿಸಿದರು ಎಂಬುದು ಅದರಲ್ಲಿ ದಾಖಲಾಗಲಿ. ಎರಡನೆಯದಾಗಿ, ಒಂದು ಸಲಕ್ಕೆ ಒಂದೇ ಸಾಲನ್ನು ಬದಲಿಸಿ, ಹಿಂದಿನ ಮುಂದಿನ ವೇಗವನ್ನು ಅಳೆದು ನೋಡುವ ಪದ್ಧತಿ ಬರಲಿ. ಅಳೆಯದೆ ಆಡುವ ಮಾತು ಜಂಬವಾದೀತೇ ಹೊರತು ಜ್ಞಾನವಾಗದು. ಮೂರನೆಯದಾಗಿ, ಮೆನುವಿನ ಪಾಸ್‌ವರ್ಡು ಮಾರಿಹೋದ ವ್ಯಾಪಾರಿಯ ಜೇಬಿನಲ್ಲಿರದೆ, ಲಕೋಟೆಯಲ್ಲಿ ಮುದ್ರೆಗೊಂಡು ಪ್ರಾಚಾರ್ಯರ ಕಪಾಟಿನಲ್ಲಿರಲಿ. ನಾಲ್ಕನೆಯದಾಗಿ, ಗುಜರಿಗೆ ಹೋಗಬೇಕಾದ ಹಳೆಯ ಸರ್ವರೊಂದನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಡಲಿ. ಅದು ಕೆಟ್ಟರೂ ಯಾರ ಕೆಲಸವೂ ನಿಲ್ಲದು, ಕಲಿತದ್ದು ಮಾತ್ರ ಉಳಿಯುವದು. ಕೊನೆಯದಾಗಿ, ಈ ಸಾಲುಗಳ ಅರ್ಥವನ್ನು ತಿಳಿಗನ್ನಡದಲ್ಲಿ ಹೇಳುವ ಒಂದು ಸಣ್ಣ ಕೈಪಿಡಿಯನ್ನು ನಮ್ಮ ವಿದ್ಯಾರ್ಥಿಗಳೇ ಕೂಡಿ ಬರೆಯಲಿ. ಕನ್ನಡದ ವಿದ್ಯಾರ್ಥಿಗೂ ಗಣಕದ ವಿದ್ಯಾರ್ಥಿಗೂ ಒಟ್ಟಿಗೆ ಕುಳಿತು ಮಾಡಲಿಕ್ಕೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ.

೧೯೩೦ರಲ್ಲಿ ಅಂಕೋಲೆಯ ಜನರು ಉಪ್ಪಿನ ಸತ್ಯಾಗ್ರಹವನ್ನು ನಡೆಸಿದರು. ಉಪ್ಪು ಸಣ್ಣ ವಸ್ತು. ಆದರೆ ನಮ್ಮ ಕಡಲಿನ ಉಪ್ಪಿಗೆ ನಿಯಮ ಮಾಡುವವರು ಯಾರು ಎಂಬ ಪ್ರಶ್ನೆ ಸಣ್ಣದಾಗಿರಲಿಲ್ಲ. ಇಂದಿನ ಮಾತಿಗೆ ಅಂಥ ತ್ಯಾಗವೇನೂ ಬೇಕಾಗಿಲ್ಲ. ಯಾರೂ ನಮ್ಮನ್ನು ಸೆರೆಮನೆಗೆ ಕಳಿಸುವದಿಲ್ಲ. ಒಂದು ಕೀಲಿಯನ್ನು ಒತ್ತುವಷ್ಟು ಕುತೂಹಲ, ಓದಿ ತಿಳಿಯುವಷ್ಟು ತಾಳ್ಮೆ, ಮಾಡಿದ್ದನ್ನು ಬರೆದಿಡುವಷ್ಟು ಪ್ರಾಮಾಣಿಕತೆ ಇದ್ದರೆ ಸಾಕು. ಬರುವ ವರ್ಷದ ಸಂಚಿಕೆಯಲ್ಲಿ ಇದೇ ಕಾಲೇಜಿನ ವಿದ್ಯಾರ್ಥಿಯೊಬ್ಬನೋ ವಿದ್ಯಾರ್ಥಿನಿಯೊಬ್ಬಳೋ ಆ ವಹಿಯ ಆಧಾರದಿಂದ “ನಾವು ಇದನ್ನು ಬದಲಿಸಿದೆವು, ಫಲ ಹೀಗಾಯಿತು” ಎಂದು ಬರೆಯುವಂತಾದರೆ ಈ ಲೇಖನದ ಶ್ರಮ ಸಾರ್ಥಕವಾದೀತು.